ಖಾಲಿ ಜಾಗ ಚೆಂಡು ಹಿಡಿಯುವುದಿಲ್ಲ

“ನೀವು ಹೇಳಿದ ಜಾಗದಲ್ಲೇ ಇದ್ದೆನಲ್ಲ ಕೋಚ್” ಅಂದ ಹುಡುಗ. ದನಿಯಲ್ಲಿ ವಾದ ಇರಲಿಲ್ಲ, ಅಳು ಇತ್ತು.

ಓಹಾಯೋ ರಾಜ್ಯದ ಕೊಲಂಬಸ್ ಹೊರವಲಯದ ಒಂದು ಹೈಸ್ಕೂಲ್ ಮೈದಾನ, ಅಕ್ಟೋಬರಿನ ಶುಕ್ರವಾರದ ರಾತ್ರಿ. ಎದುರಾಳಿಗಳದ್ದು ಮೂರನೇ ಯತ್ನ, ಬೇಕಾಗಿದ್ದದ್ದು 8 ಗಜ. ಚೆಂಡು ಅಲುಗಿದ ಕೂಡಲೇ ನಮ್ಮ ಲೈನ್‌ಬ್ಯಾಕರ್, ಅಂದರೆ ಮುಂದಿನ ಸಾಲಿನ ಬೆನ್ನಿಗೆ ನಿಲ್ಲುವ ರಕ್ಷಕ, ಹಿಂದಕ್ಕೆ ಓಡಿದ. 12 ಗಜ ಆಳದಲ್ಲಿ, ಅಭ್ಯಾಸದ ಹೊತ್ತು ನಾನು ಕಿತ್ತಳೆ ಬಣ್ಣದ ಕೋನ್ ಇಟ್ಟು ತೋರಿಸಿದ್ದ ಜಾಗದಲ್ಲೇ ಹೋಗಿ ನಿಂತ. ಅವನ ಬಲಕ್ಕೆ ನಾಲ್ಕೈದು ಗಜ ಆಚೆ ಎದುರು ತಂಡದ ಹುಡುಗ ನಿಧಾನವಾಗಿ ತಿರುಗಿ ನಿಂತು ಚೆಂಡು ಹಿಡಿದುಕೊಂಡ. ಮನೆಗೆ ಬಂದು ಆ ತುಣುಕನ್ನು ಹಿಂದೆ ಮುಂದೆ ಮಾಡಿ ಎಷ್ಟು ಸಲ ನೋಡಿದೆನೋ. ಹುಡುಗ ಹೇಳಿದ್ದು ಅಕ್ಷರಶಃ ನಿಜ. ಕೋನ್ ಇರಬೇಕಾದಲ್ಲಿ ಅವನಿದ್ದ. ತಪ್ಪು ಇದ್ದದ್ದು ಕಲಿಸಿದವನಲ್ಲಿ.

ನಾನು ಸಾಗರದ ಕಡೆಯವನು. ಸಾಫ್ಟ್‌ವೇರ್ ಕೆಲಸಕ್ಕೆಂದು ಇಲ್ಲಿಗೆ ಬಂದೆ. ಅಮೆರಿಕನ್ ಫುಟ್‌ಬಾಲ್ ಮನಸ್ಸಿಗೆ ಇಳಿದದ್ದು ಮಗ ಶಾಲೆಯ ತಂಡ ಸೇರಿದ ಮೇಲೆ. ಮೊದಲು ಪಂದ್ಯದ ವಿಡಿಯೊ ತುಂಡರಿಸಿ ಕೊಡುವ ಸ್ವಯಂಸೇವಕನಾದೆ, ಆಮೇಲೆ ಹಿಂಬದಿಯ ರಕ್ಷಕರಿಗೆ ಸಹಾಯಕ ಕೋಚ್ ಆದೆ. ಮಗ ಶಾಲೆ ಮುಗಿಸಿಕೊಂಡು ಹೋದ, ನಾನು ಉಳಿದೆ.

ಆಟ ಗೊತ್ತಿಲ್ಲದವರಿಗೆ ಇಷ್ಟು ತಿಳಿದರೆ ಸಾಕು. ಒಂದೊಂದು ಕಡೆ ಹನ್ನೊಂದು ಜನ. ಚೆಂಡು ಇರುವ ತಂಡಕ್ಕೆ ನಾಲ್ಕು ಯತ್ನ, ಅಷ್ಟರಲ್ಲಿ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು. ಚೆಂಡನ್ನು ಮುಂದಕ್ಕೆ ಎಸೆಯಲು ನಿಯಮ ಒಪ್ಪಿದ್ದು 1906ರಲ್ಲಿ. ಅಲ್ಲಿಂದ ಈ ಆಟದ ಅರ್ಧ ಬುದ್ಧಿ ಎಸೆತದಲ್ಲಿ, ಇನ್ನರ್ಧ ಅದನ್ನು ತಡೆಯುವುದರಲ್ಲಿ ಖರ್ಚಾಗಿದೆ. ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅವನನ್ನು ಬಿಟ್ಟು ಹಿಡಿಯಲು ಅರ್ಹರಾದವರು ಐವರು, ಅವರೇ ರಿಸೀವರ್‌ಗಳು. ಒಬ್ಬೊಬ್ಬನೂ ಮೊದಲೇ ಗೊತ್ತುಮಾಡಿಕೊಂಡ ದಾರಿಯಲ್ಲಿ ಓಡುತ್ತಾನೆ, ಅದಕ್ಕೆ ರೂಟ್ ಅನ್ನುತ್ತಾರೆ. ತಡೆಯಲು ಎರಡು ಬಗೆ. ಒಬ್ಬನಿಗೊಬ್ಬ ಅಂಟಿಕೊಂಡು ಓಡಿದರೆ ಮ್ಯಾನ್. ಮೈದಾನವನ್ನು ಪಾಲು ಮಾಡಿಕೊಂಡು ಕಾದರೆ ಝೋನ್. ನಮ್ಮ ಹುಡುಗರಿಗಿಂತ ವೇಗದ ಹುಡುಗರು ಪ್ರತಿ ವಾರವೂ ಎದುರಾಗುವುದರಿಂದ ನಾವು ಹೆಚ್ಚಾಗಿ ಝೋನ್ ಆಡುತ್ತೇವೆ.

1. ಮೊದಲು ಮೈದಾನ ಅಳೆಯಿರಿ

ಮೈದಾನದ ಅಗಲ 160 ಅಡಿ, ಅಂದರೆ 53 ಗಜ ಒಂದು ಅಡಿ. ನಾಲ್ವರು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿದರೆ ಎಸೆತ ಕಾಯಲು ಉಳಿಯುವವರು ಏಳು ಜನ. ಕವರ್ 3 ಎಂದರೆ ಮೂವರು ಆಳದಲ್ಲಿ, ನಾಲ್ವರು ಅವರ ಮುಂದೆ. ಆಳದವನ ಪಾಲಿಗೆ ಸುಮಾರು 18 ಗಜ ಅಗಲ ಬೀಳುತ್ತದೆ, ಮುಂದಿನವನ ಪಾಲಿಗೆ 13. ಕವರ್ 2 ಆದರೆ ಆಳದಲ್ಲಿ ಇಬ್ಬರೇ, ಒಬ್ಬೊಬ್ಬನಿಗೆ 26 ಗಜಕ್ಕೂ ಹೆಚ್ಚು. ಅದರ ಬದಲಿಗೆ ಮುಂದೆ ಐವರು ಸಿಗುತ್ತಾರೆ. ಕವರ್ 4ರಲ್ಲಿ ಆಳ ಭದ್ರ, ಮುಂದೆ ಮೂವರೇ. ಚಿಕ್ಕ ಕಂಬಳಿಯ ಕತೆ ಇದು. ಹುಡುಗರಿಗೆ ಈ ಲೆಕ್ಕವನ್ನು ಬೋರ್ಡಿನ ಮೇಲೆ ಬರೆಸುತ್ತೇನೆ, ಭಾಗಾಕಾರ ಅವರೇ ಮಾಡಬೇಕು. ತನ್ನ ಪಾಲು ಎಷ್ಟು ಅಗಲ ಅಂತ ಕೈಯಾರೆ ಬರೆದವನು ಅದರ ಮಧ್ಯೆ ಸುಮ್ಮನೆ ನಿಲ್ಲುವುದಿಲ್ಲ.

ಇನ್ನೊಂದು ಅಳತೆ ನನಗೆ ತಡವಾಗಿ ಹೊಳೆಯಿತು. ಮೈದಾನದ ಉದ್ದಕ್ಕೂ ಹ್ಯಾಶ್ ಎಂಬ ಎರಡು ಸಾಲು ಗುರುತುಗಳಿರುತ್ತವೆ. ಪ್ರತಿ ಆಟವೂ ಈ ಎರಡರ ನಡುವೆಯೇ ಎಲ್ಲೋ ಒಂದೆಡೆ ಶುರುವಾಗಬೇಕು. ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಅವೆರಡರ ನಡುವಿನ ಅಂತರ 18 ಅಡಿ 6 ಅಂಗುಲ. ಕಾಲೇಜಿನಲ್ಲಿ 40 ಅಡಿ. ಹೈಸ್ಕೂಲಿನಲ್ಲಿ 53 ಅಡಿ 4 ಅಂಗುಲ, ಅಂದರೆ ಅವು ಮೈದಾನವನ್ನು ಸರಿಯಾಗಿ ಮೂರು ಭಾಗ ಮಾಡುತ್ತವೆ. ಚೆಂಡು ಒಂದು ಹ್ಯಾಶ್ ಮೇಲಿದ್ದರೆ ಒಂದು ಬದಿಗೆ 18 ಗಜವೂ ಇಲ್ಲ, ಇನ್ನೊಂದು ಬದಿಗೆ 35 ಗಜಕ್ಕೂ ಹೆಚ್ಚು. ಟಿ.ವಿ.ಯಲ್ಲಿ ಕಂಡ ಎನ್‌ಎಫ್‌ಎಲ್ ರಕ್ಷಣೆಯನ್ನು ಹಾಗೇ ತಂದು ಶಾಲೆಯ ಹುಡುಗರ ಮೇಲೆ ಹೇರಿದರೆ ಅದು ಸೋರುವುದು ಇದಕ್ಕೇ. ಅಲ್ಲಿ ಹೆಚ್ಚುಕಡಿಮೆ ಮಧ್ಯದಿಂದಲೇ ಆಟ, ಎರಡೂ ಬದಿ ಸಮ. ಇಲ್ಲಿ ಅಗಲ ಬದಿಗೊಂದು ಲೆಕ್ಕ, ಕಿರಿದು ಬದಿಗೊಂದು ಲೆಕ್ಕ. ಕಿರಿದು ಬದಿಯಲ್ಲಿ ಪಕ್ಕದ ಗೆರೆಯೇ ನಮ್ಮ ಕಡೆಯ ಇನ್ನೊಬ್ಬ ಆಟಗಾರ. ಅಲ್ಲಿ ಒಬ್ಬನನ್ನು ಕಡಿಮೆ ಮಾಡಿ ಅಗಲದ ಕಡೆಗೆ ಸರಿಸಲು ಧೈರ್ಯ ಬಂದಮೇಲೆ ನಮ್ಮ ರಕ್ಷಣೆ ಒಂದು ಹದಕ್ಕೆ ಬಂತು.

2. ಜಾಗ ಕಾಯಬೇಡಿ, ಜಾಗಕ್ಕೆ ಬರುವವನನ್ನು ಕಾಯಿರಿ

ಭತ್ತ ತೆನೆಯಾದಾಗ ನನ್ನ ಅಜ್ಜ ಅಟ್ಟಣೆ ಹತ್ತಿ ಕೂರುತ್ತಿದ್ದರು, ಕಾಡುಹಂದಿ ಕಾಯಲು. ಅವರು ಗದ್ದೆಯ ನಡುವೆ ನೋಡುತ್ತಲೇ ಇರಲಿಲ್ಲ. ಹಳ್ಳ ದಾಟುವ ತಿಟ್ಟು, ಬೇಲಿ ಸಡಿಲಾದ ಮೂಲೆ, ಹಂದಿ ತುಳಿದು ಮಾಡಿದ ಜಾಡು, ಕಿವಿಯೆಲ್ಲ ಆ ಕಡೆಗೆ. ಗದ್ದೆ ಎಲ್ಲಿಗೂ ಓಡಿಹೋಗುವುದಿಲ್ಲ ಅನ್ನುತ್ತಿದ್ದರು. ಆ ಸೋತ ರಾತ್ರಿಯ ವಿಡಿಯೊ ನೋಡುತ್ತಿದ್ದಾಗ ಅಜ್ಜ ನೆನಪಾದರು.

ಆ ಆಟದಲ್ಲಿ ನಡೆದದ್ದು ಇಷ್ಟು. ಪಕ್ಕದ ಗೆರೆಯ ಕಡೆಯಿಂದ ರಿಸೀವರ್‌ಗಳನ್ನು ಒಂದು, ಎರಡು, ಮೂರು ಅಂತ ಎಣಿಸುತ್ತೇವೆ. ಒಂದನೆಯವನು 12 ಗಜ ಓಡಿ ಒಳಕ್ಕೆ ತಿರುಗಿ ನಿಂತ, ಅದು ಕರ್ಲ್ ರೂಟ್. ಎರಡನೆಯವನು ಬದಿಗೆ, ಫ್ಲ್ಯಾಟ್ ಎಂಬ ಜಾಗಕ್ಕೆ ಓಡಿ ನಮ್ಮ ಹೊರಗಿನ ರಕ್ಷಕನನ್ನು ತನ್ನ ಜೊತೆ ಎಳೆದುಕೊಂಡು ಹೋದ. ಮೂರನೆಯವನು ಓಡಲೇ ಇಲ್ಲ, ಕ್ವಾರ್ಟರ್‌ಬ್ಯಾಕ್‌ಗೆ ಕಾವಲಾಗಿ ಅಲ್ಲೇ ನಿಂತ. ನಮ್ಮ ಲೈನ್‌ಬ್ಯಾಕರ್‌ನ ಪಾಲಿಗೆ ಬರಬೇಕಾದವನೇ ಆ ಮೂರನೆಯವನು. ಹಾಗಾಗಿ ಅವನ ಜಾಗಕ್ಕೆ ಯಾರೂ ಬರಲಿಲ್ಲ. ಅವನು ಬರಿ ಹುಲ್ಲು ಕಾಯುತ್ತ ನಿಂತ, ನಾಲ್ಕೈದು ಹೆಜ್ಜೆ ಆಚೆ ನೆರೆಯವನ ಜಾಗದ ಅಂಚಿನಲ್ಲಿ ಕರ್ಲ್ ತೆರೆದುಕೊಂಡಿತ್ತು. ತನ್ನ ಪಾಲಿಗೆ ಯಾರೂ ಬರುತ್ತಿಲ್ಲ ಎಂದು ಗೊತ್ತಾದ ಕ್ಷಣವೇ ಅವನು ಹೊರಕ್ಕೆ ಸರಿಯಬೇಕಿತ್ತು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಕೋನ್ ತೋರಿಸಿದ್ದೆ ಅಷ್ಟೇ.

ಈ ವಿದ್ಯೆಗೆ ಪ್ಯಾಟರ್ನ್ ಮ್ಯಾಚಿಂಗ್ ಎಂಬ ಹೆಸರಿದೆ. ಅದರ ಒಂದು ದೊಡ್ಡ ಅಧ್ಯಾಯ ಬರೆದದ್ದು ನಮ್ಮೂರಿಂದ ಎರಡು ಗಂಟೆ ದಾರಿಯ ಕ್ಲೀವ್‌ಲೆಂಡ್‌ನಲ್ಲೇ. 1991ರಿಂದ 1994ರವರೆಗೆ ಕ್ಲೀವ್‌ಲೆಂಡ್ ಬ್ರೌನ್ಸ್ ತಂಡಕ್ಕೆ ಬಿಲ್ ಬೆಲಿಚಿಕ್ ಮುಖ್ಯ ಕೋಚ್, ನಿಕ್ ಸೇಬನ್ ರಕ್ಷಣೆಯ ಕೋಚ್. ಪಿಟ್ಸ್‌ಬರ್ಗ್ ಸ್ಟೀಲರ್ಸ್ ನಾಲ್ಕು ಜನರನ್ನು ನೆಟ್ಟಗೆ ಆಳಕ್ಕೆ ಓಡಿಸಿದರೆ ಇವರ ಕವರ್ 3 ನಿಲ್ಲುತ್ತಿರಲಿಲ್ಲ. ಆಳದಲ್ಲಿ ಮೂವರು, ಬರುವವರು ನಾಲ್ವರು. ಆಳದ ಮಧ್ಯ ಕಾಯುವ ಸೇಫ್ಟಿ, ಸೀಮ್ ಎಂಬ ಎರಡು ನೆಟ್ಟ ದಾರಿಗಳ ನಡುವೆ ಯಾವ ಕಡೆ ಹೋದರೂ ಇನ್ನೊಂದು ಕಡೆ ಬಯಲು. ಅದಕ್ಕೆ ಅವರು ಕಂಡುಕೊಂಡ ದಾರಿ ನೋಡಲು ಸರಳ. ಮುಂದೆ ನಿಂತ ರಕ್ಷಕ ತನ್ನ ಕಡೆಯ ಎರಡನೆಯ ರಿಸೀವರ್ ಏನು ಮಾಡುತ್ತಾನೋ ಅದಕ್ಕೆ ಉತ್ತರ ಕೊಡಬೇಕು. ಅವನು ನೆಟ್ಟಗೆ ಆಳಕ್ಕೆ ಓಡಿದರೆ ಇವನೂ ಜೊತೆಗೇ ಓಡಬೇಕು, ಮ್ಯಾನ್ ಆಡಿದ ಹಾಗೆ. ಹೊರಕ್ಕೆ ಹೊರಳಿದರೆ ಹೊರಕ್ಕೆ ಅಗಲವಾಗಬೇಕು. ಒಳಕ್ಕೆ ಹೋದರೆ ಒಳಗಿನವನಿಗೆ ಒಪ್ಪಿಸಿ, ಯಾರು ಒಳಕ್ಕೆ ಬರುತ್ತಿದ್ದಾರೆ ಎಂದು ತಿರುಗಿ ನೋಡಬೇಕು. ಶುರುವಿನಲ್ಲಿ ಝೋನ್, ದಾರಿ ತಿಳಿದ ಮೇಲೆ ಮ್ಯಾನ್.

ಹದಿನಾರು ವರ್ಷದವರಿಗೆ ಇದು ಕಷ್ಟವಲ್ಲವೇ ಎಂದು ಬೇರೆ ಕೋಚ್‌ಗಳು ಕೇಳುತ್ತಾರೆ. ಪೂರ್ತಿ ಕೊಟ್ಟರೆ ಕಷ್ಟವೇ. ನಾನು ಒಬ್ಬೊಬ್ಬನಿಗೆ ಮೂರೇ ವಾಕ್ಯ ಕೊಡುತ್ತೇನೆ: ಆಳಕ್ಕೆ ಹೋದರೆ, ಹೊರಕ್ಕೆ ಹೋದರೆ, ಒಳಕ್ಕೆ ಹೋದರೆ. ಚೆಂಡಿಲ್ಲದೆ, ಓಡದೆ, ನಡೆಯುತ್ತಲೇ ದಿನಕ್ಕೆ ಹದಿನೈದು ನಿಮಿಷ ಅಭ್ಯಾಸ. ಕೋನ್‌ಗಳನ್ನು ಶೆಡ್ಡಿಗೆ ಹಾಕಿ ವರ್ಷಗಳಾದವು.

3. ಏನು ಬಿಟ್ಟುಕೊಡುತ್ತೀರಿ ಎಂದು ಮೊದಲೇ ತೀರ್ಮಾನಿಸಿ

ಒಬ್ಬ ರಕ್ಷಕನ ಮುಂದೊಬ್ಬ, ಹಿಂದೊಬ್ಬ ರಿಸೀವರ್ ಇಟ್ಟು, ಅವನು ಯಾರ ಕಡೆ ಹೋಗುತ್ತಾನೋ ನೋಡಿ ಇನ್ನೊಬ್ಬನಿಗೆ ಎಸೆಯುವುದೇ ಝೋನ್ ಒಡೆಯುವ ಮೂಲ ತಂತ್ರ. ಕರ್ಲ್ ಮತ್ತು ಫ್ಲ್ಯಾಟ್ ಜೋಡಿ ಹಾಗೆ. ಸ್ಮ್ಯಾಶ್ ಎಂಬ ಜೋಡಿ ಹಾಗೆ: ಹೊರಗಿನವನು ಐದಾರು ಗಜದಲ್ಲಿ ನಿಲ್ಲುತ್ತಾನೆ, ಒಳಗಿನವನು ಅವನ ತಲೆಯ ಮೇಲಿಂದ ಮೂಲೆಗೆ ಹೊರಳುತ್ತಾನೆ. ಕವರ್ 2ರಲ್ಲಿ ಬದಿ ಕಾಯುವ ರಕ್ಷಕ ಕಾರ್ನರ್‌ಗೂ ಅವನ ಹಿಂದಿನ ಸೇಫ್ಟಿಗೂ ನಡುವೆ ಬದಿಗೆರೆಯ ಪಕ್ಕ ಒಂದು ಬಾವಿಯಂಥ ಖಾಲಿ ಇರುತ್ತದೆ. ಎಸೆತ ಅಲ್ಲಿಗೇ ಬೀಳುತ್ತದೆ.

ಎರಡನ್ನೂ ತಡೆಯಲು ಹೊರಟವನು ನಡುವೆ ನಿಂತು ಎರಡನ್ನೂ ಕಳೆದುಕೊಳ್ಳುತ್ತಾನೆ. ಆದ್ದರಿಂದ ನಮ್ಮಲ್ಲಿ ನಿಯಮ ಗಟ್ಟಿ: ಆಳದ್ದನ್ನು ಮೊದಲು ಕಾಯಿ, ಗಿಡ್ಡದ್ದು ಎಸೆದ ಮೇಲೆ ಬಂದು ಹಿಡಿ. ಗಿಡ್ಡ ಎಸೆತ 4 ಗಜ ಕೊಡುತ್ತದೆ, ಉದ್ದದ್ದು 18. ಆದರೆ ಎದುರಾಳಿಗೆ ಬೇಕಾಗಿರುವುದೇ 3 ಗಜ ಆಗಿದ್ದರೆ ನಿಯಮ ತಿರುಗುಮುರುಗು. ಹುಡುಗರು ಸ್ಕೋರ್‌ಬೋರ್ಡಿನಲ್ಲಿ ಅಂಕ ನೋಡುತ್ತಾರೆ, ನಾನು ಎಷ್ಟನೇ ಯತ್ನ, ಎಷ್ಟು ಗಜ ಎನ್ನುವುದನ್ನು ಓದಲು ಹೇಳುತ್ತೇನೆ. ಪ್ರತಿ ಆಟಕ್ಕೂ ಮುನ್ನ ಏಳೂ ಜನ ಆ ಎರಡು ಅಂಕಿಯನ್ನು ಬಾಯಿಬಿಟ್ಟು ಹೇಳಬೇಕು.

ಬಿಟ್ಟುಕೊಡುವುದು ಎಂದರೆ ಹುಡುಗರಿಗೆ ಅವಮಾನ ಅನ್ನಿಸುತ್ತದೆ. ತನ್ನ ಕಣ್ಣೆದುರೇ ಚೆಂಡು ಹಿಡಿಯಲು ಬಿಡುವುದಕ್ಕೆ ಬೇರೆಯದೇ ಬಗೆಯ ಗಟ್ಟಿತನ ಬೇಕು. ಈ ಒಂದು ಪಾಠಕ್ಕೆ ನಾನು ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇನೆ, ಯಾಕೆಂದರೆ ಇದು ಕಾಲಿಗೆ ಕಲಿಸುವಂಥದ್ದಲ್ಲ.

4. ಕ್ವಾರ್ಟರ್‌ಬ್ಯಾಕ್‌ನ ಕಾಲು ಎಣಿಸಿ, ಕೈ ನೋಡಿ

ಮ್ಯಾನ್ ಆಡುವವನ ಕಣ್ಣು ರಿಸೀವರ್‌ನ ಸೊಂಟದ ಮೇಲೆ. ಝೋನ್ ಆಡುವವನಿಗೆ ಮಾತ್ರ ಎಸೆಯುವವನನ್ನು ನೋಡುವ ಅನುಕೂಲವಿದೆ. ಅದನ್ನು ಬಳಸದಿದ್ದರೆ ಝೋನ್ ಆಡಿ ಏನು ಬಂತು?

ಮೊದಲು ಹೆಜ್ಜೆ. ಲೈನಿನ ಹಿಂದೆಯೇ ಚೆಂಡು ತೆಗೆದುಕೊಂಡವನು ಮೂರು ಹೆಜ್ಜೆ ಹಿಂದಿಟ್ಟರೆ ಎಸೆತ ಐದಾರು ಗಜದ್ದು, ಐದು ಹೆಜ್ಜೆಯಾದರೆ ಹನ್ನೆರಡು ಗಜದ ಆಸುಪಾಸಿನದು, ಏಳಾದರೆ ಅದಕ್ಕೂ ಆಳದ್ದು. ಈಗಿನ ಹುಡುಗರು ಹೆಚ್ಚಾಗಿ ಐದು ಗಜ ಹಿಂದೆ ನಿಂತೇ ಚೆಂಡು ಪಡೆಯುತ್ತಾರೆ, ಅಲ್ಲಿ ಎರಡೆರಡು ಹೆಜ್ಜೆ ಕಳೆದು ಲೆಕ್ಕ ಹಾಕಬೇಕು. ಒಂದೇ ಹೆಜ್ಜೆಗೆ ಎಸೆಯುವವನ ಎದುರು 12 ಗಜ ಹಿಂದಕ್ಕೆ ಓಡುವುದು ವ್ಯರ್ಥ.

ಆಮೇಲೆ ಕೈ. ಎಸೆಯದ ಕೈ ಚೆಂಡಿನಿಂದ ಬಿಟ್ಟುಕೊಂಡಿತೆಂದರೆ ಎಸೆತ ಹೊರಟಿತು. ಅದಕ್ಕೆ ಮುಂಚೆ ಏನಿದ್ದರೂ ನಟನೆ. ಮುಂದಿನ ಭುಜ ಯಾವ ಕಡೆ ಚಾಚಿದೆಯೋ ಆ ಕಡೆಗೆ, ಆ ಕೈ ಬಿಟ್ಟ ಕ್ಷಣಕ್ಕೆ, ಚೆಂಡು ಗಾಳಿಗೆ ಬರುವ ಮುನ್ನವೇ ಹೆಜ್ಜೆ ಹಾಕಬೇಕು. ಕಣ್ಣುಗಳನ್ನು ನಂಬಬೇಡಿ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಕಣ್ಣಿನಿಂದ ಸೇಫ್ಟಿಯನ್ನು ಎಡಕ್ಕೆ ಕಳಿಸಿ ಬಲಕ್ಕೆ ಎಸೆಯುತ್ತಾನೆ. ಭುಜಕ್ಕೆ ಅಷ್ಟು ಸುಲಭವಾಗಿ ಸುಳ್ಳು ಹೇಳಲು ಬರುವುದಿಲ್ಲ.

5. ನಿಂತ ಜಾಗವೇ ಅರ್ಧ ಉತ್ತರ

ಆಟ ಶುರುವಾಗುವ ಮುನ್ನ ರಿಸೀವರ್ ಎಲ್ಲಿ ನಿಂತಿದ್ದಾನೆ ನೋಡಿ. ಹೈಸ್ಕೂಲ್ ಮತ್ತು ಕಾಲೇಜಿನ ಮೈದಾನಗಳಲ್ಲಿ ಗಜದ ಅಂಕಿಗಳ ಮೇಲ್ತುದಿ ಬದಿಗೆರೆಯಿಂದ 9 ಗಜ ಒಳಗಿರುತ್ತದೆ. ಅದಕ್ಕಿಂತ ಹೊರಗೆ, ಗೆರೆಗೆ ಅಂಟಿ ನಿಂತವನಿಗೆ ಹೊರಕ್ಕೆ ಹೊರಳಲು ಜಾಗವೇ ಇಲ್ಲ. ಅವನು ಒಳಕ್ಕೆ ಬರುತ್ತಾನೆ, ಇಲ್ಲವೇ ನೆಟ್ಟಗೆ ಹೋಗುತ್ತಾನೆ. ಒಳಕ್ಕೆ ಸರಿದು ನಿಂತವನು ತನಗೆ ಬೇಕಾದ ಜಾಗವನ್ನು ಹೊರಗೆ ಇಟ್ಟುಕೊಂಡಿದ್ದಾನೆ.

ಕೋಚ್ ಡಾನ್ ಕೊರಿಯೆಲ್ ಹೆಸರಿನೊಂದಿಗೆ ಬೆಸೆದುಕೊಂಡ ರೂಟ್ ಮರದಲ್ಲಿ ಪ್ರತಿ ದಾರಿಗೂ ಒಂದು ಅಂಕಿ. ಎಲ್ಲೆಡೆ ಬಳಕೆಯಲ್ಲಿರುವ ಕ್ರಮದಲ್ಲಿ ಬೆಸ ಅಂಕಿಯವು ಬದಿಗೆರೆಯ ಕಡೆಗೆ ಹೊರಳುತ್ತವೆ, ಸಮ ಅಂಕಿಯವು ಮಧ್ಯಕ್ಕೆ. 9 ಮಾತ್ರ ನೆಟ್ಟಗೆ. ಅಂಕಿ ಕಂಠಪಾಠ ಮಾಡಿಸುವುದಕ್ಕಿಂತ, ಎದುರು ನಿಂತವನನ್ನು ನೋಡಿ “ಇವನು ಸಮವೋ ಬೆಸವೋ” ಎಂದು ಊಹಿಸಲು ಹೇಳುತ್ತೇನೆ. ಊಹೆ ತಪ್ಪಿದರೂ ಚಿಂತೆಯಿಲ್ಲ. ಊಹಿಸದೆ ನಿಂತವನು ಯಾವಾಗಲೂ ಒಂದು ಹೆಜ್ಜೆ ತಡ.

6. ಮೌನವಾಗಿ ಝೋನ್ ಆಡಲು ಆಗುವುದಿಲ್ಲ

ಕಬಡ್ಡಿ ಆಡಿದವರಿಗೆ ಇದನ್ನು ಹೇಳಬೇಕಿಲ್ಲ. ಕೈ ಹಿಡಿದ ಜೋಡಿಯಲ್ಲಿ ಒಬ್ಬ ಮುನ್ನುಗ್ಗಿ ಇನ್ನೊಬ್ಬ ಹಿಂದೆ ಸರಿದರೆ ರೇಡರ್‌ಗೆ ಇಬ್ಬರೂ ಸಿಗುತ್ತಾರೆ. ಇಲ್ಲಿ ಕೈ ಹಿಡಿಯಲು ಆಗದು, ಹದಿಮೂರು ಗಜ ದೂರ. ಕೂಗೇ ಕೈ. ಒಬ್ಬ ರಿಸೀವರ್ ಅಡ್ಡ ಓಡಿದರೆ ಅವನನ್ನು ಬಿಡುವವನು ಕೂಗಬೇಕು, ತೆಗೆದುಕೊಳ್ಳುವವನು ಮರುಕೂಗಬೇಕು. ಮರುಕೂಗು ಬರುವವರೆಗೆ ಬಿಡುವಂತಿಲ್ಲ. ನಮ್ಮಲ್ಲಿ ಇರುವುದು ಐದೇ ಪದ, ಎಲ್ಲವೂ ಒಂದೇ ಉಸಿರಿನವು. ನಾಚಿಕೆಯ ಸ್ವಭಾವದ ಹುಡುಗರು ಇದರಿಂದಲೇ ಆಟ ಬಿಡುವ ಮಟ್ಟಕ್ಕೆ ಹೋದದ್ದುಂಟು. ಅಂಥವರನ್ನು ಗದರಿಸಬೇಡಿ, ಪಕ್ಕದಲ್ಲಿ ನಿಂತು ಅವರ ಜೊತೆ ನೀವೂ ಕೂಗಿ.

7. ಮುಂದಿನ ನಾಲ್ವರನ್ನು ಬಿಟ್ಟು ಹಿಂದಿನ ಏಳ್ವರಿಲ್ಲ

ಎಷ್ಟು ಚೆನ್ನಾಗಿ ಪಾಲು ಮಾಡಿಕೊಂಡರೂ ಝೋನ್‌ನಲ್ಲಿ ರಂಧ್ರ ಇದ್ದೇ ಇರುತ್ತದೆ. ಕ್ವಾರ್ಟರ್‌ಬ್ಯಾಕ್‌ಗೆ ಹೊತ್ತು ಸಿಕ್ಕರೆ ಹುಡುಕಿಕೊಳ್ಳುತ್ತಾನೆ. ಎರಡೂವರೆ, ಮೂರು ಸೆಕೆಂಡು ತಡೆದುಕೊಳ್ಳಬಹುದು. ಐದು ಸೆಕೆಂಡು ಯಾವ ಝೋನ್ ಕೂಡ ತಡೆಯಲಾರದು.

ಇದಕ್ಕೆ ನಾನು ಹುಡುಗರಿಗೆ ತೋರಿಸುವುದು ಟ್ಯಾಂಪಾ ಬೇ ಬಕನೀರ್ಸ್ ತಂಡವನ್ನು. 1996ರಲ್ಲಿ ಅಲ್ಲಿಗೆ ಬಂದ ಮುಖ್ಯ ಕೋಚ್ ಟೋನಿ ಡಂಜಿ ಮತ್ತು ರಕ್ಷಣೆಯ ಕೋಚ್ ಮಾಂಟಿ ಕಿಫಿನ್ ಕವರ್ 2ನ್ನೇ ತೆಗೆದುಕೊಂಡು, ಇಬ್ಬರು ಸೇಫ್ಟಿಗಳ ನಡುವಿನ ತೂತು ಮುಚ್ಚಲು ಮಧ್ಯದ ಲೈನ್‌ಬ್ಯಾಕರ್‌ನನ್ನು ಆಳಕ್ಕೆ ಓಡಿಸಿದರು. ಅದರ ಬೇರು ಎಪ್ಪತ್ತರ ದಶಕದ ಸ್ಟೀಲರ್ಸ್‌ನಲ್ಲಿದೆ, ಡಂಜಿ ಆ ತಂಡದಲ್ಲೇ ಆಡಿದವರು. ಟ್ಯಾಂಪಾ 2 ಎಂದು ಹೆಸರಾದ ಈ ರಕ್ಷಣೆಯ ಗುಟ್ಟು ಹಿಂದಿನ ಏಳ್ವರಲ್ಲಿ ಎಷ್ಟಿತ್ತೋ ಮುಂದಿನ ವಾರನ್ ಸ್ಯಾಪ್, ಸಿಮಿಯನ್ ರೈಸ್ ಅಂಥವರಲ್ಲೂ ಅಷ್ಟೇ ಇತ್ತು. ಐದನೆಯವನನ್ನು ಕಳಿಸದೆಯೇ ಅವರು ಕ್ವಾರ್ಟರ್‌ಬ್ಯಾಕ್‌ನನ್ನು ಅವಸರಪಡಿಸುತ್ತಿದ್ದರು. 2003ರ ಜನವರಿ 26ರಂದು ನಡೆದ ಎನ್‌ಎಫ್‌ಎಲ್ ಅಂತಿಮ ಪಂದ್ಯ ಸೂಪರ್ ಬೌಲ್‌ನಲ್ಲಿ, ಆ ಹೊತ್ತಿಗೆ ಡಂಜಿ ತಂಡ ಬಿಟ್ಟಿದ್ದರು, ಕಿಫಿನ್ ಇನ್ನೂ ಇದ್ದರು, ಓಕ್‌ಲ್ಯಾಂಡ್ ರೈಡರ್ಸ್‌ನ ಐದು ಎಸೆತಗಳನ್ನು ಕಸಿದು ಮೂರನ್ನು ನೇರ ಆರು ಅಂಕದ ಟಚ್‌ಡೌನ್‌ಗೆ ಓಡಿಸಿದರು. 48–21.

ನಾಲ್ವರು ಸಾಲದಿದ್ದರೆ? ಡಿಕ್ ಲೆಬೋ ನಮ್ಮ ಪಕ್ಕದ ಲಂಡನ್ ಎಂಬ ಸಣ್ಣ ಊರಿನವರು, ಓಹಾಯೋದ ಲಂಡನ್. ಆಟಗಾರನಾಗಿ 62 ಎಸೆತ ಕಸಿದ ಕಾರ್ನರ್. ಸಿನ್ಸಿನಾಟಿ ಬೆಂಗಾಲ್ಸ್‌ನಲ್ಲಿ ಕೋಚ್ ಆಗಿದ್ದಾಗ ಅವರು ಬೆಳೆಸಿದ ಫೈರ್ ಝೋನ್‌ನಲ್ಲಿ ಐವರು ನುಗ್ಗುತ್ತಾರೆ, ಮೂವರು ಮುಂದೆ, ಮೂವರು ಆಳದಲ್ಲಿ. ಯಾವ ಐವರು ಎಂಬುದು ಎದುರಾಳಿಗೆ ಗೊತ್ತಾಗದಂತೆ ದಪ್ಪ ಮೈಯ ಲೈನ್‌ಮನ್ ಒಬ್ಬ ಹಿಂದಕ್ಕೆ ಬಂದು ಎಸೆತದ ದಾರಿಯಲ್ಲಿ ನಿಲ್ಲುತ್ತಾನೆ. ನಾವು ಇದನ್ನು ಪಂದ್ಯಕ್ಕೆ ನಾಲ್ಕೈದು ಸಲ ಬಳಸುತ್ತೇವೆ, ಅದಕ್ಕಿಂತ ಹೆಚ್ಚಿಲ್ಲ. ಮುಂದೆ ಒಬ್ಬ ಕಡಿಮೆಯಾದದ್ದಕ್ಕೆ ಬೆಲೆ ತೆರಲೇಬೇಕು.

8. ಆಳದಲ್ಲಿ ನಿಂತವನಿಗೆ ಆಸೆ ಇರಬಾರದು

ಸ್ಟೀವ್ ಸ್ಪರಿಯರ್ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಕೋಚ್ ಆಗಿದ್ದಾಗ ಹೆಸರಾದ ಒಂದು ಜೋಡಿ ರೂಟಿಗೆ ಅಲ್ಲಿನ ರಿಸೀವರ್ ಅರ್ನಿ ಮಿಲ್ಸ್ ಹೆಸರಿನಿಂದ ಮಿಲ್ಸ್ ಅನ್ನುತ್ತಾರೆ. ಒಳಗಿನವನು ಹತ್ತು ಹನ್ನೆರಡು ಗಜದಲ್ಲಿ ಮಧ್ಯಕ್ಕೆ ಹೊರಳುತ್ತಾನೆ, ಅದು ಡಿಗ್. ಅದು ಸೇಫ್ಟಿಗೆ ಬೆಣ್ಣೆಯ ಹಾಗೆ ಕಾಣುತ್ತದೆ. ಅವನು ಅದರ ಮೇಲೆ ಬಿದ್ದ ಕ್ಷಣಕ್ಕೆ ಹೊರಗಿನವನು ಅವನ ಬೆನ್ನ ಹಿಂದಿನಿಂದ ಪೋಸ್ಟ್ ಎಂಬ, ಆಳದಲ್ಲಿ ಮಧ್ಯಕ್ಕೆ ಹೊರಳುವ ರೂಟ್ ಓಡಿ ಆರು ಅಂಕ ಎತ್ತಿಕೊಂಡು ಹೋಗುತ್ತಾನೆ. ನನ್ನ ಮಗ ಸೇಫ್ಟಿ ಆಗಿದ್ದ. ಇದೇ ಜೋಡಿಗೆ ಒಂದೇ ಪಂದ್ಯದಲ್ಲಿ ಎರಡು ಸಲ ಸಿಕ್ಕ, ಕಾರಿನಲ್ಲಿ ಮನೆಗೆ ಬರುವಾಗ ನಾವಿಬ್ಬರೂ ಮಾತಾಡಲಿಲ್ಲ. ಮರುದಿನ ಅವನೇ ಕೇಳಿದ, ಡಿಗ್ ಯಾರದ್ದು ಅಂತ. ಲೈನ್‌ಬ್ಯಾಕರ್‌ನದ್ದು. ಆಳದವನು ಎಲ್ಲರಿಗಿಂತ ಆಳದಲ್ಲಿರುವವನಿಗಿಂತಲೂ ಆಳದಲ್ಲಿರಬೇಕು. ಇಡೀ ಪಂದ್ಯದಲ್ಲಿ ಅವನ ಹೆಸರು ಧ್ವನಿವರ್ಧಕದಲ್ಲಿ ಒಂದು ಸಲವೂ ಬರದಿದ್ದರೆ ಅವನು ಕೆಲಸ ಮಾಡಿದ್ದಾನೆ ಎಂದೇ ನಾನು ತಿಳಿಯುತ್ತೇನೆ.

9. ಹಿಡಿದವನನ್ನು ಅಲ್ಲೇ ಕೆಡವಿ

2014ರ ಫೆಬ್ರುವರಿ 2ರ ಸೂಪರ್ ಬೌಲ್. ಡೆನ್ವರ್ ಬ್ರಾಂಕೋಸ್ ಆ ಋತುವಿನಲ್ಲಿ 606 ಅಂಕ ಗಳಿಸಿ ದಾಖಲೆ ಮಾಡಿ ಬಂದಿತ್ತು. ಎದುರು ಸಿಯಾಟಲ್ ಸೀಹಾಕ್ಸ್, ಹೆಚ್ಚಾಗಿ ಕವರ್ 3, ಅದನ್ನು ಬಚ್ಚಿಡುವ ಗೋಜಿಗೂ ಹೋಗದ ತಂಡ. ಡೆನ್ವರ್ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಅವತ್ತು 34 ಎಸೆತ ತಲುಪಿಸಿದರು, ಡೆಮೇರಿಯಸ್ ಥಾಮಸ್ ಒಬ್ಬರೇ 13 ಹಿಡಿದರು, ಎರಡೂ ಆ ಹೊತ್ತಿಗೆ ಸೂಪರ್ ಬೌಲ್ ದಾಖಲೆ. ಡೆನ್ವರ್ ಗಳಿಸಿದ ಅಂಕ 8, ಸಿಯಾಟಲ್ 43. ಹಿಡಿದವನು ಹಿಡಿದಲ್ಲೇ ನೆಲಕ್ಕೆ ಬಿದ್ದ. ಬಿಟ್ಟುಕೊಡುವ ಪಾಠ ಅರ್ಧ ಮಾತ್ರ, ಉಳಿದರ್ಧ ಇದು.

ಹುಡುಗರ ತಾಯಂದಿರು, ಅದರಲ್ಲೂ ನಮ್ಮ ಕಡೆಯವರು, ನನ್ನನ್ನು ಕೇಳುವುದು ತಲೆಯ ಪೆಟ್ಟಿನ ಬಗ್ಗೆ. ಕೇಳಲೇಬೇಕಾದ ಪ್ರಶ್ನೆ. ಅಪಾಯ ಇಲ್ಲವೆಂದು ನಾನು ಯಾರಿಗೂ ಹೇಳಿಲ್ಲ. ತಲೆ ಪಕ್ಕಕ್ಕಿಟ್ಟು, ಭುಜ ಕೊಟ್ಟು, ತೊಡೆ ತಬ್ಬಿ ಕೆಡವುವುದನ್ನು ಕಲಿಸುತ್ತೇನೆ. ರಗ್ಬಿಯಿಂದ ಬಂದ ಈ ಕ್ರಮದ ಬಗ್ಗೆ 2014ರಲ್ಲಿ ಸೀಹಾಕ್ಸ್ ಕೋಚ್ ಪೀಟ್ ಕ್ಯಾರಲ್ ಒಂದು ವಿಡಿಯೊ ಮಾಡಿ ಎಲ್ಲ ಕೋಚ್‌ಗಳಿಗೂ ಸಿಗುವಂತೆ ಬಿಟ್ಟರು, ನಮ್ಮ ಋತು ಅದನ್ನು ನೋಡಿಯೇ ಶುರುವಾಗುತ್ತದೆ. ಗಾಳಿಯಲ್ಲಿ ಚೆಂಡಿಗೆ ಕೈ ಚಾಚಿದ, ತನ್ನನ್ನು ಕಾಪಾಡಿಕೊಳ್ಳಲಾರದ ರಿಸೀವರ್‌ಗೆ ಗುದ್ದಿದರೆ 15 ಗಜ ದಂಡ. ದಂಡ ಇಲ್ಲದಿದ್ದರೂ ಅದು ನಮ್ಮಲ್ಲಿ ನಡೆಯುವುದಿಲ್ಲ. ತಲೆಗೆ ಪೆಟ್ಟಿನ ಲಕ್ಷಣ ಕಂಡವನು ಆ ದಿನ ಮತ್ತೆ ಮೈದಾನಕ್ಕಿಳಿಯುವಂತಿಲ್ಲ, ಎಂಥ ಪಂದ್ಯವಾದರೂ ಸರಿ.

10. ನಾಲ್ಕನೇ ಯತ್ನದಲ್ಲಿ ಚೆಂಡು ಹಿಡಿಯಬೇಡಿ

ಹೊಡೆದು ಕೆಡವಿ. ನೆಲಕ್ಕೆ ಬಿದ್ದರೆ ಆಟ ಶುರುವಾದ ಜಾಗದಲ್ಲಿ ಚೆಂಡು ನಮ್ಮದಾಗುತ್ತದೆ. 40 ಗಜ ಹಿಂದೆ ಹೋಗಿ ಹಿಡಿದರೆ ಆ 40 ಗಜ ಅವರಿಗೆ ಉಡುಗೊರೆ.

11. ಕ್ವಾರ್ಟರ್‌ಬ್ಯಾಕ್ ಓಡಲು ಶುರುಮಾಡಿದರೆ ಝೋನ್ ಮುಗಿಯಿತು

ಮುಂದಿನವರಿಂದ ತಪ್ಪಿಸಿಕೊಂಡು ಕ್ವಾರ್ಟರ್‌ಬ್ಯಾಕ್ ಬದಿಗೆ ಓಡಿದ ಕೂಡಲೇ ಎಲ್ಲ ರೂಟುಗಳೂ ಹಾಳೆಯಿಂದ ಹೊರಗೆ ಬೀಳುತ್ತವೆ. ಆಳಕ್ಕೆ ಹೋದವನು ವಾಪಸು ಬರುತ್ತಾನೆ, ಗಿಡ್ಡಕ್ಕೆ ನಿಂತವನು ಆಳಕ್ಕೆ ಹೋಗುತ್ತಾನೆ. ಆಗ ಜಾಗದ ಲೆಕ್ಕ ಬಿಟ್ಟು ಹತ್ತಿರದ ರಿಸೀವರ್‌ಗೆ ಗಾರೆ ಮೆತ್ತಿದ ಹಾಗೆ ಅಂಟಿಕೊಳ್ಳಬೇಕು. ಇಲ್ಲಿನವರು ಪ್ಲಾಸ್ಟರ್ ಎಂದೇ ಕೂಗುತ್ತಾರೆ. ನಮ್ಮ ಹುಡುಗರು ಹೆಚ್ಚು ಏಟು ತಿಂದದ್ದು ಇಂಥ ಆಟಗಳಲ್ಲೇ, ಯಾಕೆಂದರೆ ಎಲ್ಲರೂ ಓಡುವವನನ್ನೇ ನೋಡುತ್ತ ನಿಲ್ಲುತ್ತಾರೆ. ಹಾಗಾಗಿ ಗುರುವಾರದ ಅಭ್ಯಾಸದ ಕೊನೆಯ ಹತ್ತು ನಿಮಿಷ ಇದಕ್ಕೇ ಮೀಸಲು, ಸುಸ್ತಾಗಿರುವಾಗಲೇ.

ಕೋನ್ ಇದ್ದ ಜಾಗದಲ್ಲಿ ನಿಂತಿದ್ದ ಆ ಲೈನ್‌ಬ್ಯಾಕರ್‌ನ ಕೊನೆಯ ಋತು ಅದರ ಮುಂದಿನ ವರ್ಷ. ಅಂತಿಮ ಪಂದ್ಯದ ನಾಲ್ಕನೇ ಕಾಲುಭಾಗ, ಎದುರಾಳಿಯ ಕ್ವಾರ್ಟರ್‌ಬ್ಯಾಕ್ ನಮ್ಮ ಬೆಂಚಿನ ಕಡೆಗೇ ಓಡಿ ಬಂದ. ಹುಡುಗ ತನ್ನ ಜಾಗದ ಮಧ್ಯದಲ್ಲಿದ್ದ, ಸುತ್ತ ಯಾರೂ ಇರಲಿಲ್ಲ. ಒಮ್ಮೆ ಕತ್ತು ತಿರುಗಿಸಿ ನೋಡಿ, ಕೂಗಿ, ತನ್ನ ಜಾಗ ಪೂರ್ತಿ ಬಿಟ್ಟು, ಬದಿಗೆರೆಯ ಹತ್ತಿರ ಒಬ್ಬನೇ ಕೈ ಎತ್ತಿಕೊಂಡು ನಿಂತಿದ್ದ ರಿಸೀವರ್‌ನ ಮುಂದೆ ಹೋಗಿ ನಿಂತ. ಕ್ವಾರ್ಟರ್‌ಬ್ಯಾಕ್ ತೋಳೆತ್ತಿದವನು ಎಸೆಯದೆ ತಡೆದ, ಮತ್ತೆ ನೋಡಿದ, ಕೊನೆಗೆ ಚೆಂಡನ್ನು ಗೆರೆಯಾಚೆ ನಮ್ಮ ನೀರಿನ ಕ್ಯಾನುಗಳ ಕಡೆಗೆ ಎಸೆದ. ಅಂಕಿಅಂಶದ ಹಾಳೆಯಲ್ಲಿ ಆ ಆಟದ ಎದುರು ನಮ್ಮ ಯಾವ ಹುಡುಗನ ಹೆಸರೂ ಇಲ್ಲ. ನಾನು ಗೆರೆಯ ತನಕ ಓಡಿದ್ದೆ. ಅವನು ನನ್ನ ಕಡೆ ನೋಡಲೂ ಇಲ್ಲ, ಪಕ್ಕದವನ ಭುಜ ಹಿಡಿದು ಎಷ್ಟನೇ ಯತ್ನ, ಎಷ್ಟು ಗಜ ಎಂದು ಹೇಳುತ್ತಿದ್ದ.